ಮಳೆಗಾಲದ ಮಲೆನಾಡಿಗೆ ಕಟ್ಟುವ ಚೀಲ

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜುಲೈ ತಿಂಗಳಲ್ಲಿ ಆಗುಂಬೆಗೋ ಕುದುರೆಮುಖದ ಕಡೆಗೋ ಹೋಗಿ ನೆನೆಯದೆ ವಾಪಸ್ ಬರುವ ಉಪಾಯ ಯಾರ ಹತ್ತಿರವೂ ಇಲ್ಲ. ಅಗ್ಗದ ರೇನ್‌ಕೋಟ್ ಹಾಕಿಕೊಂಡವರೂ ನೆನೆಯುತ್ತಾರೆ, ಹದಿನೈದು ಸಾವಿರದ ಜಾಕೆಟ್ ಹಾಕಿಕೊಂಡವರೂ ನೆನೆಯುತ್ತಾರೆ. ಒಬ್ಬರು ಹತ್ತು ನಿಮಿಷಕ್ಕೆ, ಇನ್ನೊಬ್ಬರು ಒಂದೆರಡು ಗಂಟೆಗೆ, ಅಷ್ಟೇ. ಇಬ್ಬರ ನಡುವೆ ನಿಜವಾದ ವ್ಯತ್ಯಾಸ ಗೊತ್ತಾಗುವುದು ಸಂಜೆ ಆರೂವರೆಗೆ. ಕರೆಂಟು ಹೋಗಿದೆ, ಹೊರಗೆ ಧೋ ಎಂದು ಸುರಿಯುತ್ತಿದೆ, ನೀವು ಚೀಲ ಬಿಚ್ಚುತ್ತೀರಿ. ಒಳಗೆ ಒಂದು ಜೊತೆ ಒಣ ಬಟ್ಟೆ ಇದೆಯೋ, ಅಲ್ಲೂ ಹಸಿ ಮುದ್ದೆಯೋ? ಇವತ್ತಿನ ಮಾತೆಲ್ಲ ಆ ಒಂದು ಜೊತೆ ಬಟ್ಟೆಯ ಸುತ್ತಲೇ. ಮೈ ನೆನೆಯಲಿ ಬಿಡಿ. ಚೀಲದ ಹೊಟ್ಟೆ ನೆನೆಯಬಾರದು.

ಬಯಲುಸೀಮೆಯವರಿಗೆ ಅಲ್ಲಿನ ಮಳೆಯ ಅಂದಾಜು ಸಿಗುವುದು ಕಷ್ಟ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸರಾಸರಿ 1,000 ಮಿಲಿಮೀಟರಿನ ಆಸುಪಾಸು. ಆಗುಂಬೆಗೆ 7,000 ದಾಟುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗೆ 64.5 ಮಿಲಿಮೀಟರ್ ಮುಟ್ಟಿದರೆ ಅದು ಭಾರೀ ಮಳೆ. 115.6ರಿಂದ 204.4ರವರೆಗೆ ಅತಿ ಭಾರೀ. ಅದನ್ನೂ ದಾಟಿದರೆ ಅತ್ಯಂತ ಭಾರೀ, ಅಂದರೆ ಬೆಂಗಳೂರಿನ ವರ್ಷದ ಮಳೆಯ ಐದನೇ ಒಂದು ಪಾಲು ಒಂದೇ ಹಗಲು ರಾತ್ರಿಯಲ್ಲಿ. ಟಿ.ವಿ.ಯಲ್ಲಿ ಹಳದಿ, ಕಿತ್ತಳೆ, ಕೆಂಪು ಎಂದು ಓಡುತ್ತದಲ್ಲ, ಅದನ್ನು ಹೀಗೆ ಓದಿಕೊಳ್ಳಿ: ಹಳದಿಯಿದ್ದರೆ ಹೋಗಿ, ಆದರೆ ದಿನಕ್ಕೆ ಒಂದೇ ಜಾಗ ಇಟ್ಟುಕೊಳ್ಳಿ. ಕಿತ್ತಳೆಯಿದ್ದರೆ ಬೆಟ್ಟ, ಹೊಳೆ, ಜಲಪಾತ ಬಿಟ್ಟು ಹೋಂಸ್ಟೇಯ ಜಗಲಿಯಲ್ಲಿ ಕುಳಿತು ಮಳೆ ನೋಡಿ. ಕೆಂಪಿದ್ದರೆ ಮನೆಯಲ್ಲೇ ಇರಿ. ಬುಕಿಂಗ್ ದುಡ್ಡು ಹೋಗುತ್ತದೆಂದು ಹೊರಡುವವರೇ ಘಾಟಿಯಲ್ಲಿ ಸಿಕ್ಕಿಬೀಳುವುದು.

ದಿನ ಗೊತ್ತುಮಾಡುವಾಗ ಮಳೆನಕ್ಷತ್ರದ ಪಟ್ಟಿಯನ್ನೂ ಒಮ್ಮೆ ನೋಡಿ, ಅದರಲ್ಲಿ ನಾಚಿಕೆಯೇನಿಲ್ಲ. ಜೂನ್ 21ರ ಸುಮಾರಿಗೆ ಆರಿದ್ರಾ ಶುರು, ಜುಲೈ ಮೊದಲ ವಾರಕ್ಕೆ ಪುನರ್ವಸು, ಜುಲೈ 20ರ ಹೊತ್ತಿಗೆ ಪುಷ್ಯ, ಆಗಸ್ಟ್ ಮೊದಲ ವಾರಕ್ಕೆ ಆಶ್ಲೇಷ. ಪುನರ್ವಸುವಿನಿಂದ ಆಶ್ಲೇಷದವರೆಗಿನ ಆರು ವಾರ ಮಲೆನಾಡಿನ ನಡುಮಳೆಗಾಲ. ಮೊದಲ ಸಲ ಹೋಗುವವರು, ಚಿಕ್ಕ ಮಕ್ಕಳಿರುವವರು ಸೆಪ್ಟೆಂಬರ್ ಆರಿಸಿಕೊಳ್ಳಿ. ಹಸಿರು ಅಷ್ಟೇ ಇರುತ್ತದೆ, ಹೊಳೆ ತುಂಬಿರುತ್ತದೆ, ದಿನಕ್ಕೆರಡು ಸಲ ಬಿಸಿಲೂ ಇಣುಕುತ್ತದೆ. ಅಮೆರಿಕದಿಂದ ಮಕ್ಕಳ ರಜೆಗೆ ಊರಿಗೆ ಬರುವವರಿಗೆ ಮಾತ್ರ ಈ ಆಯ್ಕೆ ಇಲ್ಲ, ಅವರ ರಜೆ ಬೀಳುವುದೇ ಆರಿದ್ರಾ, ಪುಷ್ಯಗಳಲ್ಲಿ.

ಇನ್ನು ಚೀಲ. ಬೆನ್ನಿಗೆ ಹಾಕುವ ಚೀಲಕ್ಕೆ ಮೇಲ್ಹೊದಿಕೆ ಕೊಟ್ಟಿರುತ್ತಾರೆ, ಎಲಾಸ್ಟಿಕ್ ಇರುವ ಟೋಪಿಯಂಥದ್ದು. ಅದನ್ನು ನಂಬಿ ಹೋದವರ ಚೀಲ ಎರಡು ಕಡೆಯಿಂದ ನೆನೆಯುತ್ತದೆ. ಒಂದು, ಬೆನ್ನಿಗೆ ತಾಗುವ ಬದಿ: ಅಲ್ಲಿ ಹೊದಿಕೆಯೇ ಇಲ್ಲ, ಕತ್ತಿನಿಂದ ಇಳಿದ ನೀರು ಬೆನ್ನಿನ ಸ್ಪಂಜಿಗೆ ಇಳಿದು ಅಲ್ಲಿಂದ ಒಳಗೆ ಹೋಗುತ್ತದೆ. ಎರಡು, ತಳ: ಮೇಲಿಂದ ಜಾರಿದ ನೀರು ಹೊದಿಕೆಯ ತಳದಲ್ಲಿ ಬಟ್ಟಲಿನ ಹಾಗೆ ನಿಲ್ಲುತ್ತದೆ, ಚೀಲ ಅದರಲ್ಲಿ ಕುಳಿತಿರುತ್ತದೆ. ಹೊದಿಕೆ ಬೇಡ ಎನ್ನುತ್ತಿಲ್ಲ. ಚೀಲದ ಬಟ್ಟೆ ನೀರು ಕುಡಿದು ಭಾರವಾಗುವುದನ್ನು ಅದು ತಪ್ಪಿಸುತ್ತದೆ. ಆದರೆ ಒಳಗಿನದನ್ನು ಕಾಯುವುದು ಒಳಗಿನ ಪದರ.

ಒಳಪದರಕ್ಕೆ ನೀರು ಹೋಗದ ದುಬಾರಿ ಡ್ರೈಬ್ಯಾಗೇ ಬೇಕೆಂದಿಲ್ಲ. ಚೀಲಕ್ಕಿಂತ ಒಂದೂವರೆ ಪಟ್ಟು ದೊಡ್ಡದಾದ ದಪ್ಪ ಪ್ಲಾಸ್ಟಿಕ್ ಚೀಲ ಸಾಕು. ಗೊಬ್ಬರದ ಮೂಟೆಯ ಒಳಗೆ ಬರುತ್ತದಲ್ಲ, ಆ ದಪ್ಪದ್ದು; ಉಗುರಿನಲ್ಲಿ ಎಳೆದರೆ ಹರಿಯುವ ತೆಳು ಕಸದ ಚೀಲ ಬೇಡ. ಮೊದಲು ಅದನ್ನು ಖಾಲಿ ಬೆನ್ನುಚೀಲದೊಳಗೆ ಇಳಿಬಿಡಿ. ತಳಕ್ಕೆ ರಾತ್ರಿಯ ಒಣ ಜೊತೆ, ಹೊದ್ದುಕೊಳ್ಳುವ ಹೊದಿಕೆ, ಒಳಬಟ್ಟೆ, ಎರಡು ಜೊತೆ ಕಾಲುಚೀಲ. ಅದರ ಮೇಲೆ ಉಳಿದದ್ದು. ಈಗ ಎರಡೂ ಕೈಯಿಂದ ಅಮುಕಿ ಗಾಳಿ ತೆಗೆಯಿರಿ, ಬಾಯನ್ನು ಹಗ್ಗದಂತೆ ತಿರುಚಿ, ತಿರುಚಿದ್ದನ್ನು ಮಡಚಿ, ಅಗಲ ರಬ್ಬರ್ ಬ್ಯಾಂಡ್ ಹಾಕಿ. ಗಂಟು ಹಾಕಬೇಡಿ, ಒದ್ದೆ ಕೈಯಲ್ಲಿ ಬಿಚ್ಚಲು ಬರುವುದಿಲ್ಲ, ಕೊನೆಗೆ ಹರಿಯುತ್ತೀರಿ. ದಾರಿಯಲ್ಲಿ ಬೇಕಾಗುವ ತಿಂಡಿ, ಔಷಧಿ, ಟಾರ್ಚು, ರೇನ್‌ಕೋಟು ಈ ಪದರದ ಹೊರಗೆ, ಮೇಲ್ಭಾಗದಲ್ಲಿರಲಿ. ದಾರಿಯಲ್ಲಿ ಒಮ್ಮೆಯೂ ಒಳಚೀಲ ಬಿಚ್ಚುವ ಪ್ರಸಂಗ ಬರಬಾರದು. ಬಂದರೆ ಜೋಡಿಸಿದ ಕ್ರಮವೇ ತಪ್ಪು. ಬರುವಾಗ ಆ ಪ್ಲಾಸ್ಟಿಕ್ಕನ್ನು ಮಡಚಿ ಮನೆಗೆ ತನ್ನಿ, ಹತ್ತು ಪ್ರವಾಸಕ್ಕೆ ಬರುತ್ತದೆ.

ಬಸ್ಸಿನಲ್ಲಿ ಹೋಗುವವರಿಗೆ ಇನ್ನೊಂದು ವಿಷಯ. ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಚೀಲ ನೆನೆಯುವುದು ಮೇಲಿಂದಲ್ಲ, ಕೆಳಗಿನಿಂದ. ಚಕ್ರ ಎರಚುವ ನೀರು ಬಾಗಿಲಿನ ಸಂದಿಯಿಂದ ಒಳಗೆ ಬಂದು ನೆಲದ ಮೇಲೆ ನಿಲ್ಲುತ್ತದೆ. ಗಾಲಿ ಇರುವ ಸೂಟ್‌ಕೇಸನ್ನು ಜಿಪ್ಪಿನ ಕಡೆ ಕೆಳಗಾಗಿ ಮಲಗಿಸಿದರೆ ಬೆಳಿಗ್ಗೆ ತೀರ್ಥಹಳ್ಳಿಯಲ್ಲಿ ಇಳಿಯುವಷ್ಟರಲ್ಲಿ ಅರ್ಧ ಬಟ್ಟೆ ಹೋಯಿತು. ನಿಲ್ಲಿಸಿ ಇಡಿ, ಅಥವಾ ಒಣ ಜೊತೆಯನ್ನಾದರೂ ಸೀಟಿನ ಹತ್ತಿರ ಇಟ್ಟುಕೊಳ್ಳಿ.

ರೇನ್‌ಕೋಟಿಗೆ ಬರೋಣ. ಜಾಕೆಟ್ಟಿನ ಚೀಟಿಯ ಮೇಲೆ 3,000, 5,000, 10,000 ಮಿಲಿಮೀಟರ್ ಎಂದು ಬರೆದಿರುತ್ತದೆ. ಆಗುಂಬೆಗೆ ಬೀಳುವುದೇ ಏಳು ಸಾವಿರ, ನನ್ನದು ಹತ್ತು ಸಾವಿರದ್ದು ಎಂದು ಕೊಳ್ಳುವವರೂ ಇದ್ದಾರೆ. ಅದು ಮಳೆಯ ಲೆಕ್ಕವಲ್ಲ. ಆ ಬಟ್ಟೆಯ ಮೇಲೆ ನೀರಿನ ಕಂಬ ನಿಲ್ಲಿಸಿದರೆ ಎಷ್ಟು ಎತ್ತರಕ್ಕೆ ಒಸರಲು ಶುರುವಾಗುತ್ತದೆ ಎಂಬ ಒತ್ತಡದ ಅಳತೆ. ಹನಿ ಬಿದ್ದು ಜಾರುವ ಕಡೆ ಕಡಿಮೆ ಅಂಕಿಯೂ ಸಾಕು. ಒತ್ತಡ ಬೀಳುವುದು ಚೀಲದ ಪಟ್ಟಿಯ ಅಡಿ ಹೆಗಲಿನಲ್ಲಿ, ಬೈಕಿನ ಸೀಟಿನ ಮೇಲೆ ಕುಳಿತ ಜಾಗದಲ್ಲಿ. ಅಲ್ಲಿಗೆ 5,000 ಬೇಕು, 10,000 ಇದ್ದರೆ ಒಳ್ಳೆಯದು. ಅಂಕಿಗಿಂತ ಮೊದಲು ಜಾಕೆಟ್ಟನ್ನು ಒಳಮೈ ಹೊರಗೆ ಮಾಡಿ ಹೊಲಿಗೆ ನೋಡಿ. ಪ್ರತಿ ಹೊಲಿಗೆಯ ಮೇಲೂ ಅರ್ಧ ಇಂಚಿನಷ್ಟು ಅಗಲದ ಪಟ್ಟಿ ಅಂಟಿಸಿರಬೇಕು. ಪಟ್ಟಿ ಇಲ್ಲದಿದ್ದರೆ ಸೂಜಿ ಹೋದ ಪ್ರತಿ ತೂತೂ ಒಂದು ನಲ್ಲಿ.

'ಗಾಳಿಯಾಡುವ' ಜಾಕೆಟ್ ಎಂಬುದಕ್ಕೆ ಹೆಚ್ಚು ದುಡ್ಡು ಕೊಡಬೇಡಿ. ಆ ಪದರ ಕೆಲಸ ಮಾಡುವುದು ಒಳಗಿನ ಬೆವರಿನ ಆವಿ ಹೊರಗಿನ ಒಣ ಗಾಳಿಗೆ ಹೋಗುತ್ತದೆ ಎಂಬ ಲೆಕ್ಕದ ಮೇಲೆ. ಜುಲೈಯಲ್ಲಿ ಘಟ್ಟದ ಮೇಲೆ ಹೊರಗಿನ ಗಾಳಿಯೇ ತೇವದಿಂದ ತುಂಬಿರುತ್ತದೆ, ಆವಿ ಹೋಗುವುದೆಲ್ಲಿಗೆ? ಹತ್ತಿದವರು ಒಳಗಿನಿಂದಲೇ ನೆನೆದು, ಜಾಕೆಟ್ ಸೋರಿತು ಎಂದು ಅಂಗಡಿಯವನನ್ನು ಬೈಯುತ್ತಾರೆ. ಕಂಕುಳಿನ ಕೆಳಗೆ ಜಿಪ್ ಇರುವುದು ಸಿಕ್ಕರೆ ತಗೊಳ್ಳಿ, ಅದು ಎಂಥ ಪದರಕ್ಕಿಂತಲೂ ಮೇಲು. ಇಲ್ಲದಿದ್ದರೆ ಚೀಲವನ್ನೂ ಸೇರಿಸಿ ಮುಚ್ಚುವ ಪಾಂಚೊ, ಕೆಳಗಿನಿಂದ ಗಾಳಿ ಬರುತ್ತದೆ. ಅದರ ಕಷ್ಟ ಎಂದರೆ ಗಾಳಿಗೆ ಹಾರಿ ಮುಖಕ್ಕೆ ಹೊಡೆಯುತ್ತದೆ, ಕಲ್ಲು ಹತ್ತುವಾಗ ಕಾಲು ಕಾಣಿಸುವುದಿಲ್ಲ. ನೆತ್ತಿಯ ಬೋಳುಗುಡ್ಡಕ್ಕೆ ಜಾಕೆಟ್, ಕಾಡಿನೊಳಗಿನ ದಾರಿಗೆ ಪಾಂಚೊ, ಊರೊಳಗೆ ಓಡಾಡಲು ಕೊಡೆ. ಕೊಡೆಯನ್ನು ಮಾತ್ರ ಯಾರೂ ಹೀಗಳೆಯಬೇಡಿ. ಮಲೆನಾಡಿನವರು ಉದ್ದ ಕಾವಿನ ಕೊಡೆ ಹಿಡಿಯುವುದಕ್ಕೆ ಕಾರಣವಿದೆ. ಮೂರು ಮಡಿಕೆಯ ಪುಟ್ಟ ಕೊಡೆ ಅಲ್ಲಿನ ಗಾಳಿಗೆ ಮೊದಲ ದಿನವೇ ತಿರುಗಿ ನಿಲ್ಲುತ್ತದೆ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಹಿಂದೆ ಗದ್ದೆ ಕೆಲಸಕ್ಕೆ ಬಿದಿರು, ಎಲೆಯಿಂದ ಹೆಣೆದ ಗೊರಬು ಇತ್ತು, ತಲೆಯಿಂದ ಬೆನ್ನಿಗೆ ಇಳಿಬಿಡುವ ಕಂಬಳಿ ಕೊಪ್ಪೆ ಇತ್ತು. ಗೊರಬು ಬಗ್ಗಿ ನಾಟಿ ಮಾಡುವವರ ಬೆನ್ನಿನ ಅಳತೆಗೇ ಆದದ್ದು: ಎರಡೂ ಕೈ ಖಾಲಿ, ಬೆನ್ನಿಗೂ ಹೊದಿಕೆಗೂ ನಡುವೆ ಗಾಳಿಯಾಡಲು ಜಾಗ. ಕರಿ ಕಂಬಳಿ ನೀರು ಹೀರುತ್ತದೆ, ಭಾರವಾಗುತ್ತದೆ, ಆದರೂ ಮೈ ಬೆಚ್ಚಗಿಡುತ್ತದೆ. ಉಣ್ಣೆಯ ಎಳೆ ತನ್ನ ತೂಕದ ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಕೈಗೆ ಹಸಿ ಅನ್ನಿಸುವುದಿಲ್ಲ, ಒದ್ದೆಯಾದರೂ ಎಳೆಗಳ ನಡುವೆ ಗಾಳಿ ಉಳಿಯುತ್ತದೆ. ಇವತ್ತು ದುಬಾರಿ ಬೆಲೆಗೆ ಮೆರಿನೊ ಉಣ್ಣೆಯ ಕಾಲುಚೀಲ ಮಾರುವವರು ಹೇಳುವುದೂ ಇದನ್ನೇ.

ಹತ್ತಿಯ ಗುಣ ಇದಕ್ಕೆ ತದ್ವಿರುದ್ಧ. ಒದ್ದೆ ಹತ್ತಿ ಮೈಗೆ ಅಂಟಿ ಬಿಸಿಯನ್ನು ಎಳೆದುಕೊಳ್ಳುತ್ತದೆ. ಜೀನ್ಸ್ ಅಂತೂ ಮನೆಯಲ್ಲೇ ಬಿಡಿ. ಒಮ್ಮೆ ನೆನೆದರೆ ಮಳೆಗಾಲದ ಮಲೆನಾಡಿನಲ್ಲಿ ಮೂರು ದಿನಕ್ಕೂ ಒಣಗುವುದಿಲ್ಲ, ತೊಡೆ ಸಂದಿ ಉಜ್ಜಿ ಗಾಯವಾಗುತ್ತದೆ. ನಡೆಯಲು ಪಾಲಿಸ್ಟರ್ ಟೀ ಶರ್ಟ್, ತೆಳು ನೈಲಾನ್ ಪ್ಯಾಂಟ್. ಮೂರು ದಿನದ ಪ್ರವಾಸಕ್ಕೆ ನಡೆಯುವ ಜೊತೆ ಒಂದು ಅಥವಾ ಎರಡು, ರಾತ್ರಿಯ ಜೊತೆ ಒಂದು, ಅಷ್ಟೇ. ಬೆಳಿಗ್ಗೆ ಎದ್ದು ನಿನ್ನೆಯ ಹಸಿ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಯಾರಿಗೂ ಇಷ್ಟವಿಲ್ಲದ ಕೆಲಸ ಅದು, ಐದು ನಿಮಿಷ ಮೈ ಜುಮ್ಮೆನ್ನುತ್ತದೆ. ಆದರೆ ಹೊರಗೆ ಕಾಲಿಟ್ಟ ಐದನೇ ನಿಮಿಷಕ್ಕೆ ಹೇಗೂ ನೆನೆಯುತ್ತೀರಿ. ಬೆಳಿಗ್ಗೆಯ ಆ ಸುಖಕ್ಕೆ ಒಣ ಜೊತೆಯನ್ನು ಹಾಕಿಕೊಂಡು ಹೊರಟವರು ಸಂಜೆ ನಡುಗುತ್ತಾರೆ.

ಕಾಲಿನ ವಿಷಯಕ್ಕೆ ಹೆಚ್ಚು ಹೊತ್ತು ಬೇಕು. ನೀರು ಹೋಗದ ಶೂ ಎಂದು ಮಾರುವುದನ್ನು ಕೊಳ್ಳಬೇಡಿ. ಹೊಳೆ ದಾಟುವಾಗ ನೀರು ಬರುವುದು ಮೇಲಿನ ಬಾಯಿಯಿಂದ, ಬಂದ ನೀರನ್ನು ಆ ಪದರ ಹೊರಗೆ ಬಿಡುವುದಿಲ್ಲ. ಕಾಲಿಗೆ ಎರಡು ಬಕೆಟ್ ಕಟ್ಟಿಕೊಂಡಂತೆ. ಬಲೆಯಂಥ ಬಟ್ಟೆಯ, ನೀರು ಬಂದಷ್ಟೇ ಬೇಗ ಹೋಗುವ ಶೂ ಒಳ್ಳೆಯದು. ಗಮ್‌ಬೂಟು ತೋಟದಲ್ಲಿ ಓಡಾಡಲು ಸರಿ, ಏರಿನಲ್ಲಿ ಹಿಮ್ಮಡಿ ಒಳಗೇ ಜಾರಿ ಬೊಬ್ಬೆ ಏಳುತ್ತದೆ. ಅಡಿಭಾಗದಲ್ಲಿ ನಾಲ್ಕರಿಂದ ಐದು ಮಿಲಿಮೀಟರ್ ಆಳದ ಹಲ್ಲು ಇರಲಿ, ಹಲ್ಲುಗಳ ನಡುವೆ ಅಗಲ ಜಾಗವಿರಲಿ. ಇಕ್ಕಟ್ಟಾಗಿದ್ದರೆ ಕೆಮ್ಮಣ್ಣು ತುಂಬಿ ನಯವಾಗುತ್ತದೆ. ಆದರೂ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಗತ್ತಿನ ಯಾವ ಶೂವೂ ಹಿಡಿಯುವುದಿಲ್ಲ ಎಂಬುದು ನೆನಪಿರಲಿ. ಅಲ್ಲಿ ಹಿಮ್ಮಡಿ ಊರದೆ ಇಡೀ ಪಾದ ಸಮವಾಗಿ ಇಡಿ, ಹೆಜ್ಜೆ ಚಿಕ್ಕದಾಗಿರಲಿ.

ಶೂ ಬಗ್ಗೆ ಒಂದು ಎಚ್ಚರಿಕೆ, ಇದು ಅನೇಕರಿಗೆ ಗೊತ್ತಿಲ್ಲ. ಮೂರು ನಾಲ್ಕು ವರ್ಷದ ಹಿಂದೆ ಒಳ್ಳೆಯ ಶೂ ಕೊಂಡು, ಎರಡೇ ಸಲ ಹಾಕಿ, ಡಬ್ಬಿಯಲ್ಲಿ ಜೋಪಾನವಾಗಿಟ್ಟಿರುತ್ತೀರಿ. ಬೆಟ್ಟದ ಅರ್ಧ ದಾರಿಯಲ್ಲಿ ಅಡಿ ಬಾಯಿ ಬಿಡುತ್ತದೆ. ಹೊಲಿಗೆಯ ತಪ್ಪಲ್ಲ. ಅಡಿಯ ಸ್ಪಂಜು ಪಾಲಿಯುರಿಥೇನ್ ಆಗಿದ್ದರೆ ಗಾಳಿಯ ತೇವ ಅದನ್ನು ನಿಧಾನವಾಗಿ ಒಡೆಯುತ್ತಾ ಹೋಗುತ್ತದೆ. ಹಾಕದೆ ಮುಚ್ಚಿಟ್ಟ ಶೂವಿನಲ್ಲಿ ಇದು ಇನ್ನೂ ಬೇಗ. ಹೊರಡುವ ಒಂದು ವಾರ ಮೊದಲು ಶೂವನ್ನು ಕೈಯಲ್ಲಿ ಹಿಡಿದು ಮಧ್ಯಕ್ಕೆ ಬಗ್ಗಿಸಿ. ಪಕ್ಕದ ಸ್ಪಂಜಿನಲ್ಲಿ ಬಿರುಕು ಕಂಡರೆ, ಹೆಬ್ಬೆರಳಿಗೆ ಪುಡಿ ಅಂಟಿದರೆ, ಅದನ್ನು ಬಿಡಿ. ದಾರಿಯಲ್ಲಿ ಅಡಿ ಕಿತ್ತರೆ ಅಗಲ ಬಟ್ಟೆ ಟೇಪನ್ನು ಅಂಗಾಲಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಹಗ್ಗ ಕಟ್ಟಿ ಇಳಿಯಬಹುದು. ಎರಡು ಮೀಟರ್ ಟೇಪನ್ನು ನೀರಿನ ಬಾಟಲಿಗೆ ಸುತ್ತಿಟ್ಟುಕೊಂಡರೆ ಜಾಗವೇ ಬೇಡ. ಹರಿದ ಪಾಂಚೊಗೂ ಅದೇ.

ಕಾಲುಸಂಕ, ಅಂದರೆ ಹಳ್ಳದ ಮೇಲಿನ ಮರದ ಕಿರುಸೇತುವೆ, ದಾಟುವಾಗ ಒಬ್ಬೊಬ್ಬರೇ ದಾಟಿ. ಅಡಿಕೆ ಮರದ ಸಂಕ ಮಳೆಗಾಲದಲ್ಲಿ ಸೋಪಿನಷ್ಟು ನುಣುಪು. ಸಂಕವಾಗಲಿ ಹೊಳೆಯಾಗಲಿ, ಕಾಲಿಡುವ ಮೊದಲು ಚೀಲದ ಸೊಂಟದ ಪಟ್ಟಿ, ಎದೆಯ ಪಟ್ಟಿ ಎರಡನ್ನೂ ಬಿಚ್ಚಿ. ಬಿದ್ದರೆ ಚೀಲ ಕಳಚಬೇಕು, ನಿಮ್ಮನ್ನು ಮಗುಚಿ ಹಾಕಬಾರದು. ಹರಿಯುವ ನೀರು ಮೊಣಕಾಲು ಮುಟ್ಟಿದರೆ ದಾಟುವುದೇ ಬೇಡ.

ಈಗ ನೀವೆಲ್ಲ ಕಾಯುತ್ತಿರುವ ವಿಷಯ: ಇಂಬಳ. ಉತ್ತರ ಕನ್ನಡದ ಕಡೆ ಉಂಬಳ ಎನ್ನುತ್ತಾರೆ. ಕೆರೆಯ ಜಿಗಣೆ ಬೇರೆ, ಇದು ನೆಲದ್ದು. ಮರದ ಮೇಲಿಂದ ಉದುರುತ್ತವೆ ಎಂಬ ನಂಬಿಕೆ ಬಲವಾಗಿದೆ. ಹೆಚ್ಚಿನವು ಬರುವುದು ತರಗೆಲೆಯಿಂದ, ಮೊಣಕಾಲೆತ್ತರದ ಗಿಡದ ತುದಿಯಿಂದ. ನೆಲದ ಅದುರು, ಉಸಿರಿನ ಗಾಳಿ, ಮೈಬಿಸಿ ತಿಳಿದು ಅದು ಎದ್ದು ನಿಲ್ಲುತ್ತದೆ, ಶೂಗೆ ಹತ್ತಿ ಮೇಲೇರುತ್ತಾ ಚರ್ಮ ಸಿಗುವವರೆಗೂ ಹೋಗುತ್ತದೆ. ಕತ್ತಿನಲ್ಲಿ ಸಿಕ್ಕಿದ ಇಂಬಳ ಸಾಮಾನ್ಯವಾಗಿ ಕಾಲಿನಿಂದಲೇ ಪ್ರಯಾಣ ಮಾಡಿರುತ್ತದೆ. ಸಾಲಿನಲ್ಲಿ ಮೊದಲು ನಡೆಯುವವರು ಎಬ್ಬಿಸುತ್ತಾರೆ, ಹಿಂದಿನವರಿಗೆ ಹತ್ತುತ್ತದೆ. ಹಾಗಾಗಿ ಸರದಿ ಬದಲಿಸಿಕೊಳ್ಳಿ, ಸುಧಾರಿಸಿಕೊಳ್ಳಲು ಬಂಡೆ ಅಥವಾ ಬಯಲು ನೋಡಿ ನಿಲ್ಲಿ, ತರಗೆಲೆಯ ಮೇಲೆ ಬೇಡ.

ತಡೆಯಲು ಒಂದೇ ಭರವಸೆಯ ಸಾಧನವಿದೆ, ಇಂಬಳದ ಕಾಲುಚೀಲ. ಒತ್ತು ನೇಯ್ಗೆಯ ಬಟ್ಟೆಯದ್ದು, ಮೊಣಕಾಲಿನವರೆಗೆ ಬರುವಂಥದ್ದು, ಮೇಲೆ ಲಾಡಿ. ಮಾಮೂಲಿ ಕಾಲುಚೀಲ ಹೆಣಿಗೆಯದ್ದು, ಅದರ ಕಣ್ಣಿನಲ್ಲಿ ಇಂಬಳ ಮೂತಿ ತೂರಿಸುತ್ತದೆ. ನೇಯ್ದ ಬಟ್ಟೆಯಲ್ಲಿ ಆಗುವುದಿಲ್ಲ. ಪ್ಯಾಂಟಿನ ತುದಿಯನ್ನು ಅದರೊಳಗೆ ಸೇರಿಸಿ, ಲಾಡಿ ಬಿಗಿದು, ಆಮೇಲೆ ಶೂ. ಬಿಳಿ ಅಥವಾ ತಿಳಿ ಬಣ್ಣದ್ದು ತಗೊಳ್ಳಿ, ಹತ್ತುವುದು ಕಾಣಿಸುತ್ತದೆ. ಹೊಲಿಸಿಕೊಳ್ಳುವುದಾದರೆ ಹಳೆಯ ದಪ್ಪ ಹೊದಿಕೆ ಬಟ್ಟೆ ಸಾಕು, ಪಾದದ ಉದ್ದಕ್ಕಿಂತ ಎರಡು ಇಂಚು ಹೆಚ್ಚು ಬಿಡಿ. ಉಪ್ಪು, ನಶ್ಯ, ಡೆಟಾಲ್, ಬೇವಿನೆಣ್ಣೆ ಎಲ್ಲವೂ ಕೆಲಸ ಮಾಡುತ್ತವೆ, ಮಳೆಗೆ ತೊಳೆದು ಹೋಗುವವರೆಗೆ. ಅಂದರೆ ಅರ್ಧ ಗಂಟೆ. ಮಲೆನಾಡಿನಲ್ಲಿ ಮಾಡುವಂತೆ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಸಿಕ್ಕಿಸಿಕೊಳ್ಳಿ, ಹತ್ತಿದ ಇಂಬಳಕ್ಕೆ ಮುಟ್ಟಿಸಿದರೆ ಬಿದ್ದುಹೋಗುತ್ತದೆ. ದಾರಿಗೆಲ್ಲ ಉಪ್ಪು ಎರಚಬೇಡಿ. ಅಲ್ಲಿರುವ ಕಪ್ಪೆಗಳ ಚರ್ಮ ಅದನ್ನು ತಾಳುವುದಿಲ್ಲ.

ಕಚ್ಚಿದ್ದನ್ನು ಜಗ್ಗಿ ಎಳೆಯಬೇಡಿ, ಬೆಂಕಿ ಕಡ್ಡಿ ಮುಟ್ಟಿಸಬೇಡಿ. ಸಣ್ಣ ತುದಿ ಬಾಯಿ, ದಪ್ಪ ತುದಿ ಹಿಂಭಾಗದ ಹಿಡಿತ. ಉಗುರನ್ನು ಚರ್ಮಕ್ಕೆ ಒತ್ತಿ ಸಣ್ಣ ತುದಿಯ ಕಡೆಯಿಂದ ಜಾರಿಸಿ, ಆಮೇಲೆ ದಪ್ಪ ತುದಿ, ಕೂಡಲೇ ಉಂಡೆ ಮಾಡಿ ಚಿಮ್ಮಿ. ಅದರ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತುವಿದೆ, ಹಾಗಾಗಿ ಇಂಬಳ ಹೋದಮೇಲೂ ರಕ್ತ ಗಂಟೆಗಟ್ಟಲೆ ಜಿನುಗುತ್ತದೆ. ಗಾಬರಿಯಾಗಬೇಡಿ, ಹೋಗುವ ರಕ್ತ ಕಡಿಮೆ, ಮಳೆನೀರಿಗೆ ಸೇರಿ ಹೆಚ್ಚು ಕಾಣುತ್ತದೆ. ತೊಳೆದು, ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದು, ಪಟ್ಟಿ ಹಾಕಿ. ಕೆರೆದು ಹುಣ್ಣು ಮಾಡಿಕೊಳ್ಳುವುದೇ ನಿಜವಾದ ತೊಂದರೆ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲೇ ವೈದ್ಯರನ್ನು ಕೇಳಿ, ಇಂಬಳದ ಕಾಡಿನ ನಡಿಗೆ ಬಿಟ್ಟರೂ ನಷ್ಟವಿಲ್ಲ.

ಪ್ರಶ್ನೆ ಬಂದೇ ಬರುತ್ತದೆ, ಮಂಗನ ಕಾಯಿಲೆ? 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಆ ರೋಗ ಹರಡುವುದು ಉಣುಗಿನಿಂದ, ಇಂಬಳದಿಂದಲ್ಲ. ಅದರ ಕಾಲವೂ ಬೇರೆ, ಡಿಸೆಂಬರ್‌ನಿಂದ ಮೇ. ಮಳೆಗಾಲದಲ್ಲಿ ಯೋಚಿಸಬೇಕಾದದ್ದು ಇಲಿಜ್ವರ. ಕಾಲಿನ ಗಾಯ ಬಿಟ್ಟುಕೊಂಡು ನಿಂತ ನೀರಿನಲ್ಲಿ, ಗದ್ದೆಯಲ್ಲಿ ಓಡಾಡಬೇಡಿ. ಊರಿಗೆ ಬಂದಮೇಲೆ ಎರಡು ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ಮಳೆನೀರಿನಲ್ಲಿ ತಿರುಗಾಡಿದ್ದನ್ನು ವೈದ್ಯರಿಗೆ ಹೇಳಿ. ಅವರಾಗಿ ಕೇಳುವುದಿಲ್ಲ.

ಮೊಬೈಲು. ನೀರು ತಡೆಯುತ್ತದೆ ಎಂದು ಬರೆದಿರುವುದು ಹೊಸ ಫೋನಿಗೆ, ಪ್ರಯೋಗಾಲಯದ ನಿಂತ ನೀರಿಗೆ. ಎರಡು ವರ್ಷ ಜೇಬಿನಲ್ಲಿ ಬಗ್ಗಿ, ಎರಡು ಸಲ ಬಿದ್ದ ಫೋನಿನ ಅಂಟು ಹಾಗೇ ಇರುವುದಿಲ್ಲ. ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿಡಿ. ಒದ್ದೆ ಪರದೆ ಬೆರಳಿನ ಮಾತು ಕೇಳದಿದ್ದಾಗ ಶಬ್ದದ ಗುಂಡಿಯನ್ನು ಒತ್ತಿ ಫೋಟೊ ತೆಗೆಯಬಹುದು. ಚಾರ್ಜಿಂಗ್ ತೂತಿಗೆ ನೀರು ಹೋದರೆ ಅದನ್ನು ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಕೆಲವು ಗಂಟೆ ಬಿಡಿ, ಅಲ್ಲಿಯವರೆಗೆ ಚಾರ್ಜಿಗೆ ಹಾಕಬೇಡಿ. ಅಕ್ಕಿ ಡಬ್ಬಿಯಲ್ಲಿ ಹೂಳುವ ಉಪಚಾರ ಬೇಡ, ಅಕ್ಕಿಯ ಹಿಟ್ಟು ತೂತಿಗೆ ಸೇರುವುದಷ್ಟೇ ಲಾಭ. ಕ್ಯಾಮೆರಾ ಇರುವವರು ಎ.ಸಿ. ಕಾರಿನಿಂದ ಇಳಿದ ಕೂಡಲೇ ಹೊರಗೆ ತೆಗೆಯಬೇಡಿ, ತಣ್ಣಗಿನ ಗಾಜಿನ ಮೇಲೆ ಹೊರಗಿನ ತೇವ ಕೂತು ಮಂಜಾಗುತ್ತದೆ. ಇಳಿಯುವ ಅರ್ಧ ಗಂಟೆ ಮೊದಲೇ ಎ.ಸಿ. ನಿಲ್ಲಿಸಿ.

ಪವರ್‌ಬ್ಯಾಂಕಿನ ಲೆಕ್ಕ ಹೇಳುತ್ತೇನೆ, ಯಾಕೆಂದರೆ ಮರ ಬಿದ್ದು ಕರೆಂಟು ಹೋದರೆ ಅಲ್ಲಿ ಎರಡು ದಿನವೂ ಆಗಬಹುದು. 10,000 ಎಂಎಎಚ್ ಎಂಬುದು ಒಳಗಿನ 3.7 ವೋಲ್ಟಿನ ಲೆಕ್ಕ, ಅಂದರೆ 37 ವ್ಯಾಟ್‌ಅವರ್. ಬಿಸಿಯಾಗಿ ಹೋಗುವುದು ಕಳೆದರೆ ಮೂವತ್ತರ ಸುಮಾರು ಉಳಿಯುತ್ತದೆ. 5,000 ಎಂಎಎಚ್ ಫೋನಿಗೆ ಹತ್ತೊಂಬತ್ತು ಬೇಕು. ಹಾಗಾಗಿ ಎರಡು ಸಲ ಅಲ್ಲ, ಒಂದೂವರೆ ಸಲ. ನಾಲ್ವರಿಗೆ 20,000ದ್ದು ಒಂದು ಇರಲಿ, ಹಗಲು ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ. ಸಿಗ್ನಲ್ ಇಲ್ಲದ ಕಡೆ ಟವರ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುತ್ತದೆ. ವಿಮಾನದಲ್ಲಿ ಬರುವವರು ಪವರ್‌ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, 100 ವ್ಯಾಟ್‌ಅವರ್ ಒಳಗಿರಬೇಕು. ಸಿಗ್ನಲ್ ಇಲ್ಲವೆಂದರೆ ಯುಪಿಐಯೂ ಇಲ್ಲ. ನೂರರ, ಐವತ್ತರ ನೋಟುಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಇಟ್ಟುಕೊಳ್ಳಿ. ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ.

ಹೋಂಸ್ಟೇಗೆ ಫೋನ್ ಮಾಡಿದಾಗ ಊಟದಲ್ಲಿ ಏನಿರುತ್ತದೆ ಎಂದು ಕೇಳುತ್ತೀರಿ, ಕೇಳಿ. ಜೊತೆಗೆ ಇದನ್ನೂ ಕೇಳಿ: ಕೊನೆಯ ಎರಡು ಕಿಲೋಮೀಟರ್ ರಸ್ತೆ ಹೇಗಿದೆ, ಸಣ್ಣ ಕಾರು ಬರುತ್ತದೆಯೇ? ಯಾವ ಕಂಪನಿಯ ಸಿಗ್ನಲ್ ಸಿಗುತ್ತದೆ? ಬಟ್ಟೆ ಒಣಗಿಸಲು ಜಾಗ ಇದೆಯೇ? ಹಳೆಯ ಮನೆಗಳಲ್ಲಿ ಬಚ್ಚಲು ಮನೆಯ ಹಂಡೆ ಒಲೆ ಉರಿಯುತ್ತಿದ್ದರೆ ಅದಕ್ಕಿಂತ ಒಳ್ಳೆಯ ಡ್ರೈಯರ್ ಇಲ್ಲ. ಒಲೆಯಿಂದ ಒಂದು ಮಾರು ದೂರ ಹರವಿ. ಹತ್ತಿರ ಇಟ್ಟರೆ ಪಾಲಿಸ್ಟರ್ ಸುಕ್ಕುಗಟ್ಟಿ ಕರಗುತ್ತದೆ, ಶೂವಿನ ಅಂಟು ಬಿಡುತ್ತದೆ. ಒಲೆ ಇಲ್ಲದಿದ್ದರೆ ಟವೆಲ್ ಉಪಾಯ. ಒಣ ಟವೆಲ್ ಹಾಸಿ, ಹಿಂಡಿದ ಅಂಗಿಯನ್ನು ಅದರ ಮೇಲೆ ಹರವಿ, ಎರಡನ್ನೂ ಚಾಪೆಯಂತೆ ಸುತ್ತಿ, ಅದರ ಮೇಲೆ ನಿಂತು ತುಳಿಯಿರಿ. ಕೈಯಲ್ಲಿ ಹಿಂಡಿದಾಗ ಬರದ ನೀರು ಬರುತ್ತದೆ. ಆಮೇಲೆ ಫ್ಯಾನಿನ ಕೆಳಗೆ ಹಾಕಿದರೆ ಬೆಳಿಗ್ಗೆಗೆ ತೆಳು ಬಟ್ಟೆ ಒಣಗುತ್ತದೆ. ಶೂವಿನ ಒಳಹಾಸು ತೆಗೆದು ದಿನಪತ್ರಿಕೆ ತುರುಕಿ, ಒಂದು ಗಂಟೆಗೆ ಬದಲಿಸಿ, ಮಲಗುವಾಗ ಇನ್ನೊಮ್ಮೆ. ಹಳೆ ಪೇಪರಿನ ಒಂದು ಕಟ್ಟು ಕಾರಿನಲ್ಲಿರಲಿ. ನಿಮ್ಮ ಕಾಲಿನ ಬೆರಳ ಸಂದಿಯನ್ನೂ ಅಷ್ಟೇ ಶ್ರದ್ಧೆಯಿಂದ ಒರೆಸಿ ಪೌಡರ್ ಹಾಕಿ.

ಕಾರಿನವರಿಗೆ ಬೇಗ ಹೇಳಿ ಮುಗಿಸುತ್ತೇನೆ. ವೈಪರ್ ರಬ್ಬರನ್ನು ಮೇ ತಿಂಗಳಲ್ಲೇ ಬದಲಿಸಿ. ಟೈರಿನ ಹಲ್ಲು 1.6 ಮಿಲಿಮೀಟರ್ ಕಾನೂನಿನ ಕನಿಷ್ಠ. ಮಳೆಯ ಘಾಟಿಗೆ 3 ಇದ್ದರೆ ಭರವಸೆ. ಗಾಜು ಒಳಗಿನಿಂದ ಮಂಜಾದರೆ ಎ.ಸಿ. ಹಾಕಿ ಗಾಳಿಯನ್ನು ಗಾಜಿಗೆ ತಿರುಗಿಸಿ. ಹೊರಗಿನಿಂದ ಮಂಜಾದರೆ ಒಳಗೆ ಅತಿಯಾಗಿ ತಂಪಾಗಿದೆ ಎಂದರ್ಥ, ಎ.ಸಿ. ತಗ್ಗಿಸಿ ವೈಪರ್ ಆಡಿಸಿ. ಓಡುವ ಗಾಡಿಯಲ್ಲಿ ನಾಲ್ಕೂ ಇಂಡಿಕೇಟರ್ ಮಿಣಮಿಣ ಹಾಕಬೇಡಿ, ನೀವು ನಿಂತಿದ್ದೀರೋ ತಿರುಗುತ್ತೀರೋ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಆಗುಂಬೆ ಘಾಟಿಯ ತಿರುವುಗಳನ್ನು ಹತ್ತುವ ಗೇರಿನಲ್ಲೇ ಇಳಿಯಿರಿ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಕೀ ತಿರುಗಿಸಬೇಡಿ, ಸಿಲಿಂಡರಿಗೆ ಹೋದ ನೀರನ್ನು ಅದುಮಲಾಗದೆ ಒಳಗಿನ ರಾಡು ಬಗ್ಗುತ್ತದೆ. 2018ರ ಆಗಸ್ಟಿನಲ್ಲಿ ಸಂಪಾಜೆ, 2019ರಲ್ಲಿ ಚಾರ್ಮಾಡಿ, ಶಿರಾಡಿಯಂತೂ ಹಲವು ಸಲ, ಗುಡ್ಡ ಕುಸಿದು ಮುಚ್ಚಿದ ದಾರಿಗಳಿವು. ಹೊರಡುವ ಬೆಳಿಗ್ಗೆ ಯಾವುದು ತೆರೆದಿದೆ ಎಂದು ನೋಡಿ, ಘಾಟಿಯನ್ನು ಹಗಲಲ್ಲೇ ದಾಟಿ, ಕುಡಿಯುವ ನೀರು, ತಿಂಡಿ, ಒಂದು ಹೊದಿಕೆ ಡಿಕ್ಕಿಯಲ್ಲಲ್ಲ, ಸೀಟಿನ ಮೇಲಿರಲಿ. ಘಾಟಿಯಲ್ಲಿ ವಾಂತಿಯಾಗುವವರು ಮಾತ್ರೆಯನ್ನು ಏರು ಶುರುವಾಗುವ ಅರ್ಧದಿಂದ ಒಂದು ಗಂಟೆ ಮೊದಲೇ ತೆಗೆದುಕೊಳ್ಳಬೇಕು. ಅದು ನಿದ್ದೆ ತರಿಸುತ್ತದೆ, ಗಾಡಿ ಓಡಿಸುವವರಿಗೆ ಬೇಡ.

ಕುದುರೆಮುಖ, ನೇತ್ರಾವತಿ ಶಿಖರದಂಥ ಚಾರಣಗಳಿಗೆ ಅರಣ್ಯ ಇಲಾಖೆಯ ಜಾಲತಾಣದಲ್ಲಿ ಮೊದಲೇ ಅನುಮತಿ ಪಡೆಯಬೇಕು, ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿದೆ. ದೂಧ್‌ಸಾಗರಕ್ಕೆ ಹಳಿಯ ಮೇಲೆ ನಡೆದು ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ, ರೈಲ್ವೆ ಕಾಯ್ದೆಯ 147ನೇ ಕಲಮಿನಡಿ ಅದು ಅಪರಾಧ. ಜಲಪಾತದ ಕೆಳಗೆ, ಹೊಳೆಯ ನಡುಬಂಡೆಯ ಮೇಲೆ ಕುಳಿತಾಗ ಕಣ್ಣು ನೀರಿನ ಬಣ್ಣದ ಮೇಲಿರಲಿ. ತಿಳಿಯಿದ್ದ ನೀರು ಕೆಂಪಾಗತೊಡಗಿದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಸದ್ದು ದಪ್ಪವಾದರೆ, ಮೇಲೆ ಎಲ್ಲೋ ಮಳೆ ಸುರಿದಿದೆ. ನೀವಿರುವ ಕಡೆ ಬಿಸಿಲಿದ್ದರೂ ಸರಿ, ಫೋಟೊ, ಚಪ್ಪಲಿ ಎಲ್ಲ ಬಿಟ್ಟು ದಡ ಹತ್ತಿ. ನೀರು ಏರಲು ನಿಮಿಷಗಳೇ ಸಾಕು.

ವಾಪಸ್ ಬಂದ ರಾತ್ರಿ ಸುಸ್ತಿನಲ್ಲಿ ಚೀಲವನ್ನು ಹಾಗೇ ಮಂಚದ ಕೆಳಗೆ ತಳ್ಳಬೇಡಿ. ಹಸಿ ಜಾಕೆಟ್ ಮಡಚಿಟ್ಟರೆ ಒಳಗಿನ ಲೇಪ ಅಂಟಂಟಾಗಿ ಮುಂದಿನ ವರ್ಷ ಸಿಪ್ಪೆಯ ಹಾಗೆ ಏಳುತ್ತದೆ. ಬರೀ ನೀರಿನಲ್ಲಿ ತೊಳೆದು, ನೆರಳಿನಲ್ಲಿ ಎರಡು ದಿನ ನೇತುಹಾಕಿ, ಮಡಚದೆ ಹ್ಯಾಂಗರಿನಲ್ಲಿಡಿ. ಬಟ್ಟೆ ಮೆತುಗೊಳಿಸುವ ದ್ರವ ಹಾಕಿದರೆ ಹೊರಮೈಯ ನೀರು ಜಾರಿಸುವ ಗುಣ ಹೋಗುತ್ತದೆ. ಚೀಲದ ಜೇಬುಗಳನ್ನೆಲ್ಲ ಒಳಮೈ ಹೊರಗೆ ಮಾಡಿ, ಬಾಲ್ಕನಿಯಲ್ಲೇ ಕೊಡವಿ. ಶೂವಿನ ನಾಲಿಗೆಯ ಕೆಳಗೆ, ಚೀಲದ ಪಟ್ಟಿಯ ಸಂದಿಯಲ್ಲಿ ಒಂದಾದರೂ ಇಂಬಳ ನಿಮ್ಮ ಜೊತೆ ಬೆಂಗಳೂರಿಗೆ ಬಂದಿರುತ್ತದೆ.